ಹೆಸರು ಬಿಟ್ಟವರ ಹೆಸರು

ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿಗೆ ಫಾರಂ 6 ಎನ್ನುತ್ತಾರೆ. ನಿಮ್ಮ ಹೆಸರೇನು, ಯಾರ ಪೈಕಿ, ಹುಟ್ಟಿದ್ದು ಯಾವಾಗ, ಇರುವುದು ಎಲ್ಲಿ, ಎಷ್ಟು ಕಾಲದಿಂದ ಇದ್ದೀರಿ, ಹೆಚ್ಚುಕಮ್ಮಿ ಇಷ್ಟನ್ನೇ ಅದು ಕೇಳುವುದು. ಸೊರಬ ತಾಲ್ಲೂಕಿನ ಜಡೆ ಹೋಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತ, ಜೊತೆಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವನ್ನೂ ಹೊತ್ತು, ನಿವೃತ್ತಿಯಾಗುವವರೆಗೆ ಮನೆ ಮನೆ ತಿರುಗಿ ಈ ಫಾರಂ ತುಂಬಿಸಿದವಳು ನಾನು. ಸಂಸಾರಸ್ಥರಿಗೆ ಇವು ಐದು ನಿಮಿಷದ ಪ್ರಶ್ನೆಗಳು. ಆದರೆ ಇವೇ ಪ್ರಶ್ನೆಗಳ ಬೆನ್ನು ಹತ್ತಿ ಮನೆ ಬಿಟ್ಟು ಹೋದವರ ಸೀಮೆ ನಮ್ಮದು. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಪಕ್ಕದ ಶಿಕಾರಿಪುರ ತಾಲ್ಲೂಕಿನವು. ಜಡೆಯಲ್ಲೇ ಸಂಸ್ಥಾನ ಮಠವಿದೆ. ಹಾಗಾಗಿ ಒಂದು ಪ್ರಶ್ನೆ ನನಗೆ ಬಹಳ ಕಾಲ ಬಗೆಹರಿಯದೆ ಉಳಿದಿತ್ತು. ಸಂಸಾರ ಬಿಟ್ಟವರು, ಹುಟ್ಟಿದ ಹೆಸರನ್ನೇ ಬಿಟ್ಟವರು, ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಬೇಕೇ? ಬರೆಸಿದರೆ ಬಿಟ್ಟದ್ದನ್ನೇ ಮತ್ತೆ ಹಿಡಿದಂತಾಗುವುದಿಲ್ಲವೇ?

ಇದನ್ನು ನನ್ನ ತಲೆಗೆ ಹಾಕಿದವರು ಊರ ಹೊರಗಿನ ಗುಡಿಯಲ್ಲಿದ್ದ ಒಬ್ಬ ಹಿರಿಯ ವಿರಕ್ತರು. ಊರವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕೆರೆಯಲ್ಲಿ ಸ್ನಾನ, ಲಿಂಗಪೂಜೆ, ಮಧ್ಯಾಹ್ನ ಯಾವುದಾದರೂ ಭಕ್ತರ ಮನೆಯ ಪ್ರಸಾದ, ಸಂಜೆ ಕಟ್ಟೆಯ ಮೇಲೆ ನಾಲ್ಕು ಜನಕ್ಕೆ ಪ್ರವಚನ. ಪಟ್ಟಿ ಪರಿಷ್ಕರಣೆಯ ಸಮಯದಲ್ಲಿ ಅವರ ಬಳಿಯೂ ಹೋದೆ.

“ಅಜ್ಜಾರೆ, ಪಟ್ಟೀಲಿ ನಿಮ್ಮ ಹೆಸ್ರಿಲ್ಲ. ಬರ್ಕೊಳ್ಳಲಾ?”

“ಯಾವ ಹೆಸ್ರು ಬರೀತೀಯವ್ವಾ? ತಾಯಿ ಇಟ್ಟಿದ್ದನ್ನ ಗುರುಗಳ ಪಾದದಾಗೆ ಬಿಟ್ಟೆ. ಗುರುಗಳು ಕೊಟ್ಟಿದ್ದು ಲಿಂಗದ್ದು. ಸರ್ಕಾರಕ್ಕೆ ಕೊಡಾಕೆ ಮೂರನೇದು ಎಲ್ಲಿಂದ ತರ್ಲಿ?”

ತಂದೆಯ ಹೆಸರಿನ ಕಾಲಂ ಬಂದಾಗ ಅವರು ಸುಮ್ಮನೆ ನಕ್ಕರು. ನಾನು ಪೆನ್ನು ಮುಚ್ಚಿ, ನಾಳೆ ಬರುತ್ತೇನೆ ಎಂದು ಹೇಳಿ ಎದ್ದೆ.

ಅದೇ ದಿನ ಊರೊಳಗೆ ಇನ್ನೊಂದು ಮನೆಯಲ್ಲಿ ಬೇರೆಯೇ ತೊಡಕು. ಮಗನ ಮನೆಗೆ ಬಂದು ನೆಲೆಸಿದ್ದ ಮುದುಕಿಯೊಬ್ಬರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಹೆಸರು ಕೇಳಿದರೆ “ದ್ಯಾಮಪ್ಪನ ತಾಯಿ ಅಂತ ಬರೀರಿ” ಎಂದರು. ಗಂಡನ ಹೆಸರು ಕೇಳಿದ್ದಕ್ಕೆ ಸೆರಗಿನ ತುದಿ ಬಾಯಿಗೆ ಹೋಯಿತು. “ಅದನ್ನ ಹೆಂಗ್ ಹೇಳೂದ್ರಿ ಅಕ್ಕೋರೆ, ಮದ್ವೆ ದಿನ ಒಡಪಿನಾಗೆ ಹೇಳಿದ್ದೇ ಕೊನೆ. ಲಂಕೆ ಸುಟ್ಟು ಬಂದ್ನಲ್ಲ, ಅವನ ಹೆಸ್ರು.” ಹನುಮಂತಪ್ಪ ಎಂದು ಬರೆದುಕೊಂಡೆ. ಆಮೇಲೆ ಅವರ ಸ್ವಂತ ಹೆಸರು ಹೊರಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ತವರಿನಲ್ಲಿ ಕರೆಯುತ್ತಿದ್ದ ಹೆಸರೊಂದಿತ್ತು, ಮದುವೆಯಲ್ಲಿ ಅದು ಬದಲಾಯಿತು, ಆಮೇಲೆ ಅದನ್ನೂ ಯಾರೂ ಕರೆಯಲಿಲ್ಲ. ಮೊಮ್ಮಗಳು ಪಡಸಾಲೆಯ ಪೆಟ್ಟಿಗೆಯಿಂದ ಹಳೆಯ ರೇಷನ್ ಕಾರ್ಡ್ ತಂದು ಜೋರಾಗಿ ಓದಿದಾಗ, ತಮ್ಮ ಹೆಸರನ್ನು ಬೇರೆ ಯಾರದೋ ಎಂಬಂತೆ ಅವರು ಕೇಳಿಸಿಕೊಂಡರು.

ಒಬ್ಬರು ಎಲ್ಲ ಸಂಬಂಧ ಬಿಟ್ಟು ಹೆಸರು ಕಳಚಿದವರು. ಇನ್ನೊಬ್ಬರು ಸಂಬಂಧಗಳಲ್ಲೇ ಮುಳುಗಿ ಹೆಸರು ಕಳೆದುಕೊಂಡವರು. ಫಾರಂ 6 ಇಬ್ಬರ ಮುಂದೆಯೂ ಒಂದೇ ಕೋರಿಕೆ ಇಡುತ್ತದೆ. ನಿಮ್ಮ ಹೆಸರನ್ನು ನೀವೇ ಹೇಳಬೇಕು.

ಮುದುಕಿಯ ಕಥೆ ಅವರೊಬ್ಬರದಲ್ಲ. ದೇಶದ ಮೊದಲ ಸಾರ್ವತ್ರಿಕ ಚುನಾವಣೆ 1951–52ರಲ್ಲಿ ನಡೆಯಿತು. ಅದಕ್ಕೆ ಪಟ್ಟಿ ತಯಾರಿಸುವಾಗ ಲಕ್ಷಾಂತರ ಹೆಂಗಸರು ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದೇ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಹೇಳಿ ಎಂದರು, ಅದಕ್ಕೆ ಹೆಚ್ಚಿನ ಕಾಲಾವಕಾಶವನ್ನೂ ಕೊಟ್ಟರು. ಕೊನೆಗೂ ಹೇಳದೇ ಹೋದ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋದವು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಇದು ಕಠಿಣವಾಯಿತು ಎಂದು ಅನ್ನಿಸದೆ ಇರುವುದಿಲ್ಲ. ಆದರೆ ಸೇನ್ ರಾಜಿಯಾಗಿದ್ದರೆ ಹೆಂಗಸು ಗಂಡನ ನೆರಳಾಗಿಯೇ ಪಟ್ಟಿಯೊಳಗೆ ಬಂದಿರುತ್ತಿದ್ದಳು. ಓಟು ಅವಳದ್ದೋ ಅವನದ್ದೋ ಎಂಬ ಅನುಮಾನ ಅಲ್ಲಿಂದಲೇ ಶುರುವಾಗುತ್ತಿತ್ತು.

ಅಕ್ಕಮಹಾದೇವಿಯ ಕಥೆ ನನಗೆ ನೆನಪಾಗುವುದು ಇಲ್ಲಿಯೇ. ಉಡುತಡಿ ಬಿಟ್ಟು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ ಎನ್ನುತ್ತದೆ ಶೂನ್ಯ ಸಂಪಾದನೆ. ನಿನ್ನ ಗಂಡ ಯಾರು, ಗುರುತು ಹೇಳು ಎಂದು ನಿಷ್ಠುರವಾಗಿ ಕೇಳಿದ. ಅರಸ ಕೌಶಿಕನ ಹೆಸರು ಹೇಳಿ ಸುಮ್ಮನಾಗುವಂತಿರಲಿಲ್ಲ, ಆ ಮನೆಯನ್ನು ಅವಳು ದಾಟಿ ಬಂದಿದ್ದಳು. ಚೆನ್ನಮಲ್ಲಿಕಾರ್ಜುನನ ಹೆಸರು ಹೇಳಿದಳು. ಅಲ್ಲಮ ಕೇಳಿದ್ದು ಅವಳನ್ನು ಯಾರಿಗೋ ಕಟ್ಟಿಹಾಕುವುದಕ್ಕಲ್ಲ. ಅವಳ ಮಾತನ್ನು ಅವಳೇ ಹೊತ್ತು ನಿಲ್ಲಬಲ್ಲಳೇ ಎಂದು ನೋಡುವುದಕ್ಕೆ. ಒಬ್ಬಳು ಹೆಣ್ಣುಮಗಳು ಸಭೆಯ ನಡುವೆ ತನ್ನ ಪರವಾಗಿ ತಾನೇ ಮಾತಾಡಿದ್ದು ನಮ್ಮ ನಾಡಿಗೆ ಎಂಟುನೂರು ವರ್ಷಕ್ಕೂ ಹಳೆಯ ಸಂಗತಿ. ಆಮೇಲಿನ ಶತಮಾನಗಳಲ್ಲಿ ಅದನ್ನು ಮರೆತದ್ದಕ್ಕೇ ಮುದುಕಿಯ ಹೆಸರು ಪೆಟ್ಟಿಗೆ ಸೇರಿತ್ತು.

ಅಜ್ಜಾರ ವಿಷಯಕ್ಕೆ ಬರೋಣ. ಹಳೆಯ ಧರ್ಮಶಾಸ್ತ್ರದ ಪ್ರಕಾರ ಸನ್ಯಾಸವೆಂದರೆ ಲೋಕದ ಲೆಕ್ಕದಲ್ಲಿ ಸತ್ತಂತೆ. ಪೂರ್ವಾಶ್ರಮದ ಆಸ್ತಿಯಲ್ಲಿ ಪಾಲಿಲ್ಲ ಎಂಬುದನ್ನು ನಮ್ಮ ನ್ಯಾಯಾಲಯಗಳೂ ಒಪ್ಪಿಕೊಂಡು ಬಂದಿವೆ. ಆದರೆ ಸಂವಿಧಾನದ 326ನೇ ವಿಧಿ ಮತದಾನದ ಹಕ್ಕಿನಿಂದ ಹೊರಗಿಡಬಹುದಾದ ಕಾರಣಗಳನ್ನು ಎಣಿಸುವಾಗ ಸನ್ಯಾಸದ ಮಾತೇ ಎತ್ತುವುದಿಲ್ಲ. ವಾಸವಿಲ್ಲದಿರುವುದು, ಬುದ್ಧಿಭ್ರಮಣೆ, ಅಪರಾಧ, ಚುನಾವಣೆಯ ಅಕ್ರಮ ಇಷ್ಟೇ. ಥಾಯ್ಲೆಂಡಿನ ಸಂವಿಧಾನ ಬೌದ್ಧ ಭಿಕ್ಷುಗಳಿಗೆ ಓಟು ಕೊಡುವುದಿಲ್ಲ. ಮ್ಯಾನ್ಮಾರ್‌ನ 2008ರ ಸಂವಿಧಾನದಲ್ಲೂ ಹಾಗೆಯೇ. ಕಾವಿ ತೊಟ್ಟವರನ್ನು ರಾಜಕಾರಣದ ಕೆಸರಿನಿಂದ ದೂರ ಇಡಬೇಕೆನ್ನುವ ಗೌರವ ಆ ನಿಯಮದ ಹಿಂದಿದೆ. ಗೌರವ ಇರಬಹುದು, ಆದರೆ ಕೂಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಸನ್ಯಾಸಿಯ ಕೈಯಿಂದ ಅದು ಕಿತ್ತುಕೊಳ್ಳುತ್ತದೆ. ನಮ್ಮ ದೇಶ ಅದನ್ನು ಅವರವರಿಗೇ ಬಿಟ್ಟಿದೆ. ಗುಜರಾತಿನ ಗಿರ್ ಕಾಡಿನೊಳಗೆ ಬಾಣೇಜ್ ಎಂಬಲ್ಲಿ ಶಿವನ ಗುಡಿಯ ಮಹಂತ ಭರತದಾಸ್ ದರ್ಶನದಾಸ್ ಒಬ್ಬರಿಗಾಗಿಯೇ ಚುನಾವಣಾ ಆಯೋಗ ಮತಗಟ್ಟೆ ತೆರೆಯುತ್ತಿತ್ತು. ಸಿಂಹಗಳಿರುವ ಕಾಡನ್ನು ದಾಟಿ ಸಿಬ್ಬಂದಿ ಯಂತ್ರ ಹೊತ್ತು ಹೋಗುತ್ತಿದ್ದರು. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಓಟು ತಪ್ಪಿಸಲಿಲ್ಲ.

ತಂದೆಯ ಹೆಸರಿನ ತೊಡಕಿಗೂ ದಾರಿಗಳಿದ್ದವು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಸಾಧು ಸನ್ಯಾಸಿಗಳು ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆತಾಯಿಯ ಬದಲು ಗುರುವಿನ ಹೆಸರು ಬರೆಯಬಹುದೆಂದಿತು. ಮತದಾರರ ಗುರುತಿನ ಚೀಟಿಯಂಥ ಒಂದು ದಾಖಲೆಯಲ್ಲಾದರೂ ಆ ಜಾಗದಲ್ಲಿ ಗುರುವಿನ ಹೆಸರಿರಬೇಕು, ಅಷ್ಟೇ. ಆಗಿನ ಫಾರಂ 6ರಲ್ಲಿ ಸಂಬಂಧದ ಕಾಲಂನಲ್ಲಿ ‘ಇತರೆ’ ಎಂದೂ ಇತ್ತು. 2022ರ ಆಗಸ್ಟ್‌ನಿಂದ ಬಂದ ಹೊಸ ಫಾರಂನಲ್ಲಿ ತಂದೆ, ತಾಯಿ, ಗಂಡ, ಹೆಂಡತಿಯ ಜೊತೆಗೆ ಅನಾಥರಿಗೆ ಕಾನೂನುಬದ್ಧ ಪೋಷಕರು, ತೃತೀಯ ಲಿಂಗಿಗಳಿಗೆ ಗುರು ಎಂದು ಬರೆದಿದೆ. ರೇಣುಕಾಂಬೆ, ಎಲ್ಲಮ್ಮನ ಹೆಸರಲ್ಲಿ ಜೋಗ ಹೊತ್ತ ಜೋಗಪ್ಪಗಳ ಲೋಕ ಚಂದ್ರಗುತ್ತಿ ಸೀಮೆಯ ನಮಗೆ ಹೊಸದಲ್ಲ. ಹೆತ್ತ ಮನೆ ಹೊರಗೆ ಹಾಕಿದ ಮೇಲೆ ಅವರನ್ನು ಒಳಗೆ ಕರೆದುಕೊಂಡದ್ದು ಗುರುವಿನ ಮನೆ. ಅವರ ಗುರುಸಂಬಂಧವನ್ನು ಸರ್ಕಾರದ ಅರ್ಜಿಯೊಂದು ತಂದೆಯ ಸಂಬಂಧಕ್ಕೆ ಸಮನಾಗಿ ಅಚ್ಚುಹಾಕಿದ್ದು, ಪೀಠ ಪರಂಪರೆಗಳ ಬಗ್ಗೆ ಮಾತಾಡುವ ನಾವು ಗಮನಿಸಬೇಕಾದ ಸಂಗತಿ.

ಮರುದಿನ ಅಜ್ಜಾರ ಮುಂದೆ ಪಾಸ್‌ಪೋರ್ಟಿನ ನಿಯಮ, ಫಾರಂನ ‘ಇತರೆ’ ಕಾಲಂ ಎರಡನ್ನೂ ಹೇಳಿದೆ. ಜೊತೆಗೆ ಎಲ್ಲ ಬಿಎಲ್‌ಒಗಳೂ ಹೇಳುವ ಸಂತೆಮರಹಳ್ಳಿಯ ಕಥೆಯನ್ನೂ ಹೇಳಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಓಟಿನ ಗೆಲುವು. ಅಜ್ಜಾರು ಅದಕ್ಕೆ ಸೋಲಲಿಲ್ಲ. “ಗೆಲ್ಲೂದು ಸೋಲೂದು ಫಲದ ಮಾತಾತು. ಫಲ ಬಿಟ್ಟವಂಗೆ ಫಲ ತೋರ್ಸಿ ಕರೀತೀಯಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಒಂದು ಓಟಿನ ಬೆಲೆ ಹೇಳಿ ಯುವಕರನ್ನು ಒಪ್ಪಿಸಬಹುದು. ಸರ್ಕಾರ ಯಾರದ್ದಾದರೂ ತನಗೇನೂ ಆಗಬೇಕಿಲ್ಲ ಎನ್ನುವವರ ಹತ್ತಿರ ಆ ವಾದ ನಡೆಯುವುದಿಲ್ಲ.

ಆಮೇಲೆ ಅವರೇ ಕೇಳಿದರು: “ಬರದ್ರೆ ನಾನು ಎಲ್ಲಿ ಬರ್ತೀನಿ, ತೋರ್ಸು.” ನಮ್ಮ ಭಾಗದ ಪಟ್ಟಿ ಬಿಡಿಸಿ ತೋರಿಸಿದೆ. ಸಣ್ಣ ಸಣ್ಣ ಚೌಕಗಳು. ಕ್ರಮಸಂಖ್ಯೆ, ಹೆಸರು, ಸಂಬಂಧಿಯ ಹೆಸರು, ಮನೆ ನಂಬರ್, ವಯಸ್ಸು, ಲಿಂಗ, ಫೋಟೊ. ಜಾತಿಯ ಕಾಲಂ ಇಲ್ಲ, ಧರ್ಮದ ಕಾಲಂ ಇಲ್ಲ, ಕಸುಬಿನದ್ದೂ ಇಲ್ಲ. ಸಾಲು ನಡೆಯುವುದು ಮನೆ ನಂಬರಿನ ಪ್ರಕಾರ. ಗುಡಿಗೆ ಹತ್ತಿರದ ಕೇರಿಯಲ್ಲಿ ಕೂಲಿ ಮಾಡುವ ಒಂದು ಸಂಸಾರವಿತ್ತು, ಅವರ ಸೊಸೆಯ ಚೌಕದ ಆಚೆಗೆ ಅಜ್ಜಾರ ಚೌಕ ಬರಬೇಕಿತ್ತು. ಹಬ್ಬದ ದಿನ ಗುಡಿಯ ಮೆಟ್ಟಿಲ ಕೆಳಗೇ ನಿಂತು ಕೈ ಮುಗಿಯುವ ಹುಡುಗಿ ಅವಳು. ಅಜ್ಜಾರು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. “ಇದ್ರಾಗೆ ಗದ್ದಿಗಿನೇ ಇಲ್ಲಲ್ಲ!” ಎಂದು ಗಟ್ಟಿಯಾಗಿ ನಕ್ಕು, “ಬರೀ ಹಂಗಾರೆ” ಎಂದರು. ಗುರು ಕೊಟ್ಟ ಹೆಸರು, ಸಂಬಂಧ ‘ಇತರೆ’, ಅಲ್ಲಿ ಗುರುವಿನ ಹೆಸರು. ಕಚೇರಿಯವರು ಸ್ಥಳಕ್ಕೆ ಬಂದು ವಿಚಾರಿಸಿ ಒಪ್ಪಿದರು.

ಅವರ ಆ ನಗೆಯಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ. ಹೆಸರು ಬರೆಸುವುದು ಲೋಕಕ್ಕೆ ಅಂಟಿಕೊಳ್ಳುವುದು ಎಂದು ನಾನು ಭಾವಿಸಿದ್ದೆ. ಆದರೆ ಪಟ್ಟಿ ಕೇಳುವುದು ಏನನ್ನು? ಆಸ್ತಿಯನ್ನಲ್ಲ, ಓದನ್ನಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮುಂದೆ ಅದಕ್ಕೆ ಚುನಾವಣೆ ಬಂದಾಗಲೂ ಓಟು ಇದ್ದದ್ದು ಕಂದಾಯ ಕಟ್ಟುವವರಿಗೆ, ಓದಿದವರಿಗೆ. ಬ್ರಿಟಿಷರ ಆಡಳಿತದ ಸೀಮೆಯಲ್ಲಿ 1909ರಿಂದ ಧರ್ಮಕ್ಕೊಂದು ಪಟ್ಟಿ ಬಂತು. ಇವೆರಡನ್ನೂ ಸಂವಿಧಾನ ಅಳಿಸಿತು. ಒಂದು ಕ್ಷೇತ್ರಕ್ಕೆ ಒಂದೇ ಪಟ್ಟಿ, ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಬಿಡುವಂತಿಲ್ಲ ಎನ್ನುತ್ತದೆ 325ನೇ ವಿಧಿ. ನೀನು ಈ ದೇಶದವನು, ಇಲ್ಲಿದ್ದೀಯ, ನಿನಗೆ ವಯಸ್ಸಾಗಿದೆ, ಅಷ್ಟು ಸಾಕು. ಮನೆ ಬಿಟ್ಟವರಿಗೆ ಬಿಡಲು ಕೊನೆಗೆ ಉಳಿಯುವುದು ಬಿಟ್ಟವನೆಂಬ ಹಿರಿಮೆ. ಪಾದ ಮುಟ್ಟಿಸಿಕೊಳ್ಳುವವರು ಕೂಲಿಯವಳ ಪಕ್ಕದ ಚೌಕದಲ್ಲಿ ಅದೇ ಅಳತೆಯ ಫೋಟೊ ಆಗಿ ಕೂರುವುದು ಆ ಹಿರಿಮೆಯನ್ನು ಇಳಿಸಿಡುವ ಕ್ರಮ. ಅದೇ ಚೌಕ ಮುದುಕಿಯನ್ನು ಮೇಲಕ್ಕೆತ್ತಿ ತನ್ನ ಹೆಸರಿನಲ್ಲಿ ನಿಲ್ಲಿಸಿತು. ಒಬ್ಬರು ಇಳಿದರು, ಒಬ್ಬರು ಏರಿದರು, ಇಬ್ಬರೂ ಬಂದು ನಿಂತದ್ದು ಒಂದೇ ಮಟ್ಟದಲ್ಲಿ. ದೂರ ಉಳಿಯುವ ವಿರಕ್ತಿಗಿಂತ ಹೀಗೆ ಒಂದಾಗಿ ನಿಲ್ಲುವ ವಿರಕ್ತಿ ಕಷ್ಟದ್ದು ಎಂದೇ ನನಗೆ ಅನ್ನಿಸುತ್ತದೆ.

ಇದಕ್ಕೊಂದು ಆಕ್ಷೇಪವಿದೆ. ಸ್ವಾಮಿಗಳ ಓಟು ಒಂದೇ ಇರಬಹುದು, ಅವರ ಒಂದು ಮಾತಿಗೆ ಬೀಳುವ ಓಟು ನೂರಾರು. ಸೊರಬದಿಂದ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಬಿ.ಎಸ್. ಯಡಿಯೂರಪ್ಪ ಎಂದು ಇಬ್ಬರು ಮುಖ್ಯಮಂತ್ರಿಗಳನ್ನು ಕಂಡ ಸೀಮೆಯವರಿಗೆ ಮಠಕ್ಕೂ ಮತಕ್ಕೂ ಇರುವ ನಂಟನ್ನು ಹೊಸದಾಗಿ ಹೇಳಬೇಕಿಲ್ಲ. ಕಾನೂನಿಗೂ ಅದು ಗೊತ್ತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಧರ್ಮದ ಹೆಸರಲ್ಲಿ ಓಟು ಕೇಳುವುದನ್ನು ಭ್ರಷ್ಟ ಆಚರಣೆಯೆನ್ನುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮಾತೂ ಅಲ್ಲಿದೆ. ಹೀಗೆ ಓಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ಮತದಾರನನ್ನು ನಂಬಿಸುವುದೂ ಭ್ರಷ್ಟ ಆಚರಣೆಯೇ. ಚುನಾವಣೆಯ ಹಿಂದಿನ ರಾತ್ರಿ ದೇವರ ಫೋಟೊ ಮುಟ್ಟಿಸಿ, ಅರಿಶಿನ ಕುಂಕುಮ ಮುಟ್ಟಿಸಿ ಆಣೆ ಹಾಕಿಸಿಕೊಳ್ಳುವುದು ಇದರಲ್ಲೇ ಬರುತ್ತದೆ. ಆಣೆ ಹಾಕಿ ಬಂದು ಕಣ್ಣೀರಿಟ್ಟ ಹೆಂಗಸರಿಗೆ ನಾನು ಹೇಳುತ್ತಿದ್ದದ್ದು ಇಷ್ಟು. ದುಡ್ಡು ಕೊಟ್ಟು ಅಥವಾ ಹೆದರಿಸಿ ಹಾಕಿಸಿದ ಆಣೆಯನ್ನು ಯಾವ ದೇವರೂ ಲೆಕ್ಕಕ್ಕೆ ಇಡುವುದಿಲ್ಲ. ಪರದೆಯ ಹಿಂದೆ ನೀನು, ನಿನ್ನ ಅಂತರಂಗ, ಇಬ್ಬರೇ. ಅಂತರಂಗದ ಮಾತು ಕೇಳು.

ತಾವಾಗಿ ಬಿಟ್ಟವರ ಮಾತು ಇದಾಯಿತು. ಬಿಡಲು ಏನೂ ಇಲ್ಲದವರಿದ್ದಾರೆ. ಹಬ್ಬದ ಆಸುಪಾಸಿನಲ್ಲಿ ಆನವಟ್ಟಿ ಕಡೆಯ ಬಯಲುಗಳಲ್ಲಿ ಗುಡಾರ ಹಾಕುವ ಬುಡ್ಗ ಜಂಗಮರು, ಸುಡುಗಾಡು ಸಿದ್ಧರು ದೇವರ ಹೆಸರಲ್ಲೇ ಬೇಡಿ ಬದುಕುವವರು. ವೇಷ ಜಂಗಮನದ್ದು, ಹಿಂದೆ ಹೆಂಡತಿ ಮಕ್ಕಳ ಸಂಸಾರ, ಮನೆ ಮಾತ್ರ ಇಲ್ಲ. ಇಂಥವರಿಗೆ ಚುನಾವಣಾ ಆಯೋಗ ಮಾಡಿರುವ ನಿಯಮ ನನಗೆ ಬಹಳ ಇಷ್ಟ. ಮನೆಯಿಲ್ಲದವರು ವಿಳಾಸದ ದಾಖಲೆ ಕೊಡಬೇಕಿಲ್ಲ. ಫಾರಂನಲ್ಲಿ ಹೇಳಿದ ಜಾಗಕ್ಕೆ ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಆ ಮನುಷ್ಯ ನಿಜಕ್ಕೂ ಅಲ್ಲೇ ಮಲಗುತ್ತಾನೆಯೇ ಎಂದು ನೋಡಬೇಕು. ಒಂದು ರಾತ್ರಿ ಸಾಲದು, ಇನ್ನೊಮ್ಮೆ ಹೋಗಬೇಕು. ಯಜಮಾನರ ಸ್ಕೂಟರಿನ ಹಿಂದೆ ಕೂತು ಟಾರ್ಚ್ ಹಿಡಿದು ಹೋದಾಗ, ಸರ್ಕಾರವೇ ಬಡವನ ತಲೆದಿಂಬಿನ ಹತ್ತಿರ ಬಂದು ನೀನು ಇಲ್ಲಿಯವನೇ ಎಂದು ಬರೆದುಕೊಳ್ಳುತ್ತಿದೆ ಎಂಬ ಹೆಮ್ಮೆ ನನಗಿತ್ತು.

ಮಲಗುವ ಜಾಗವೇ ವಾಸ ಎಂಬ ಈ ಸತ್ಯಕ್ಕೆ ಇನ್ನೊಂದು ಮುಖವೂ ಇದೆ. ಬೆಂಗಳೂರಿಗೆ ಹೋದ ನಮ್ಮ ಊರಿನ ಹುಡುಗರು ಅಲ್ಲೊಂದು, ಇಲ್ಲೊಂದು ಹೆಸರು ಇಟ್ಟುಕೊಳ್ಳಲು ನೋಡುತ್ತಾರೆ. ಊರಿನ ಮೇಲಿನ ಪ್ರೀತಿ ಎನ್ನುತ್ತಾರೆ. ಹೊಲ, ಮನೆ ಇದ್ದ ಮಾತ್ರಕ್ಕೆ ಅಲ್ಲಿಯ ವಾಸಿಯಾಗುವುದಿಲ್ಲ, ಹಾಗೆಯೇ ಸ್ವಲ್ಪ ಕಾಲ ಹೊರಗೆ ಹೋದ ಮಾತ್ರಕ್ಕೆ ವಾಸ ತಪ್ಪುವುದೂ ಇಲ್ಲ ಎಂದು 1950ರ ಪ್ರಜಾಪ್ರತಿನಿಧಿ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಎರಡು ಕಡೆ ಹೆಸರು ಇರುವಂತಿಲ್ಲ. ಸುಳ್ಳು ಹೇಳಿಕೆಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಅಜ್ಜಾರು ಪ್ರವಚನದಲ್ಲಿ ನುಡಿದಂತೆ ನಡೆಯಬೇಕೆಂದು ಹೇಳುವಾಗ ತಲೆದೂಗುವವರೇ ಫಾರಂನ ಹೇಳಿಕೆಗೆ ಸಹಿಯನ್ನು ಹಗುರವಾಗಿ ಹಾಕುವುದನ್ನು ನೋಡಿದ್ದೇನೆ. ಊರು ಬಿಟ್ಟು ನೆಲೆ ಬದಲಿಸಿದವರಿಗೆ ಫಾರಂ 8 ಇದೆ. ಹೆಸರು, ವಯಸ್ಸು ತಿದ್ದಿಸುವುದಕ್ಕೂ ಅದೇ.

ಈಗಲೂ ಜನ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಾರೆ, ಅಕ್ಕೋರೆ ಪಂಚಾಯ್ತಿ ಎಲೆಕ್ಷನ್‌ಗೆ ಬೇರೆ ಅರ್ಜಿ ಕೊಡಬೇಕಾ ಎಂದು. ಬೇಡ. ವಿಧಾನಸಭೆಯ ಪಟ್ಟಿಯನ್ನೇ ರಾಜ್ಯ ಚುನಾವಣಾ ಆಯೋಗ ಪಂಚಾಯಿತಿಯ ಕ್ಷೇತ್ರಗಳಿಗೆ ವಿಂಗಡಿಸಿಕೊಳ್ಳುತ್ತದೆ. ಒಮ್ಮೆ ಸೇರಿದರೆ ಜಡೆಯ ಗ್ರಾಮ ಪಂಚಾಯಿತಿಯಿಂದ ಲೋಕಸಭೆಯವರೆಗೆ ಅದೇ ಹೆಸರು. ವರ್ಷದಲ್ಲಿ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು. ಆ ದಿನಕ್ಕೆ 18 ತುಂಬಿರಬೇಕು, 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು. ಬಿಎಲ್‌ಒ ಕೈಗೆ ಕೊಡಿ, ತಾಲ್ಲೂಕು ಕಚೇರಿಗೆ ಕೊಡಿ, ಇಲ್ಲವೇ ಮೊಬೈಲಿನಲ್ಲಿ ಚುನಾವಣಾ ಆಯೋಗದ ಆ್ಯಪ್ ಮೂಲಕ ಹಾಕಿ. ಅನುಮಾನವಿದ್ದರೆ 1950ಕ್ಕೆ ಫೋನ್ ಮಾಡಿ. ಅರ್ಜಿ ತಿರಸ್ಕರಿಸಿದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ನಾಮಪತ್ರದ ಕೊನೆಯ ದಿನ ಕಳೆದ ಮೇಲೆ ಮಾತ್ರ ಯಾರೂ ಏನೂ ಮಾಡುವಂತಿಲ್ಲ, ಆದ್ದರಿಂದ ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ.

ವಿಧಾನ ಪರಿಷತ್ತಿನ ನೈಋತ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿ ಬೇರೆ. ಅದಕ್ಕೆ ಪ್ರತಿ ಚುನಾವಣೆಗೂ ಹೊಸ ಅರ್ಜಿ, ಪದವೀಧರರಿಗೆ ಫಾರಂ 18, ಶಿಕ್ಷಕರಿಗೆ ಫಾರಂ 19. ಪ್ರೌಢಶಾಲೆಗಿಂತ ಕೆಳಗಿನವರು ಅಲ್ಲಿ ಶಿಕ್ಷಕರ ಲೆಕ್ಕಕ್ಕೆ ಬರುವುದಿಲ್ಲ. ಊರಿಗೆಲ್ಲ ಪಟ್ಟಿ ಬರೆದ ಪ್ರಾಥಮಿಕ ಶಾಲೆಯ ನಾವು ಆ ಪಟ್ಟಿಯ ಹೊರಗೇ ಉಳಿದವರು. ಓದು, ಹುದ್ದೆ ಕೇಳುವ ಪಟ್ಟಿ ಎಷ್ಟು ಬೇಗ ಜನರನ್ನು ಬೇರೆ ಮಾಡುತ್ತದೆಂದು ತಿಳಿಯಲು ಅದು ಸಾಕು.

ಸಾಮಾನ್ಯ ಪಟ್ಟಿ ಹಾಗೆ ಯಾರನ್ನೂ ಬೇರೆ ಮಾಡುವುದಿಲ್ಲ. ಪುಣ್ಯ ಪಾಪ, ಮಡಿ ಮೈಲಿಗೆ, ವಿರಕ್ತಿ ಸಂಸಾರ ಯಾವುದನ್ನೂ ತೂಗದೆ, ಇರುವವರನ್ನೆಲ್ಲ ಒಂದೇ ಅಳತೆಯಲ್ಲಿ ಬರೆದುಕೊಳ್ಳುವ ಇನ್ನೊಂದು ಪುಸ್ತಕವನ್ನು ನಾನು ನಮ್ಮ ಊರಿನಲ್ಲಿ ಕಂಡಿಲ್ಲ. ಯಾರಿಗೆ ಓಟು ಹಾಕಬೇಕು, ಹಾಕಬೇಕೋ ಬೇಡವೋ ಎಂಬುದನ್ನು ಮನೆ ಕಟ್ಟಿದವರೂ ಬಿಟ್ಟವರೂ ತಮ್ಮ ತಮ್ಮ ಮನಸ್ಸಾಕ್ಷಿಯ ಜೊತೆ ಬಗೆಹರಿಸಿಕೊಳ್ಳಲಿ. ಹೆಸರನ್ನು ಮಾತ್ರ ಇಬ್ಬರೂ ಬರೆಸಲೇಬೇಕು. ಎಲ್ಲರೂ ಸಮ ಎಂದು ಕಟ್ಟೆಯ ಮೇಲೆ ಕೂತು ಹೇಳುವವರು, ಆ ಮಾತನ್ನು ಕಾಗದದ ಮೇಲೆ ಒಪ್ಪಿ ಸಹಿ ಹಾಕುವ ಜಾಗ ಅದೊಂದೇ.